ಮೀಡಿಯಾ ಪ್ಲೇಯರ್ ತೊಂದರೆ ಕೊಟ್ಟಾಗ ಮೊದಲು ಪ್ಲಗಿನ್‌ಗಳ ಪಟ್ಟಿ ತೆಗೆಯಿರಿ
ಮೀಡಿಯಾ ಪ್ಲೇಯರ್ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ ಅಥವಾ ಚಿತ್ರ ಕಂಡರೂ ಧ್ವನಿ ಬಾರದಿದ್ದರೆ, ಇಡೀ ತಂತ್ರಾಂಶವನ್ನು ಮತ್ತೆ ಇನ್‌ಸ್ಟಾಲ್ ಮಾಡುವುದಕ್ಕೆ ಮುನ್ನ ಅದರಲ್ಲಿ ಯಾವ ಯಾವ ಪ್ಲಗಿನ್‌ಗಳಿವೆ (ಪ್ಲೇಯರ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಚಿಕ್ಕ ತಂತ್ರಾಂಶಗಳು) ಎಂಬುದನ್ನು ದಯವಿಟ್ಟು ನೋಡಿ.

ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರ್‌ನಲ್ಲಿ ಆಲ್ಟ್ ಕೀಲಿ ಒತ್ತಿದರೆ ಮೆನು ಕಾಣಿಸಿಕೊಳ್ಳುತ್ತದೆ. ಅಲ್ಲಿ ಟೂಲ್ಸ್, ಪ್ಲಗ್-ಇನ್ಸ್, ಆಪ್ಷನ್ಸ್ ಎಂದು ಸಾಗಿದರೆ ಪ್ಲಗಿನ್‌ಗಳು ಆಡಿಯೊ ಡಿಎಸ್‌ಪಿ, ವಿಡಿಯೊ ಡಿಎಸ್‌ಪಿ (ಡಿಎಸ್‌ಪಿ ಎಂದರೆ ಡಿಜಿಟಲ್ ಸಂಕೇತ ಸಂಸ್ಕರಣೆ) ಮುಂತಾದ ವರ್ಗಗಳಾಗಿ ತೋರುತ್ತವೆ. ಧ್ವನಿ ಒಡೆದು ಕೇಳಿಸುತ್ತಿದ್ದರೆ ನಾನು ಮೊದಲು ಶಂಕಿಸುವುದು ಆಡಿಯೊ ಡಿಎಸ್‌ಪಿ ವರ್ಗವನ್ನೇ, ಏಕೆಂದರೆ ಧ್ವನಿಯು ಸ್ಪೀಕರ್ ತಲುಪುವ ಮೊದಲು ಅದನ್ನು ಮಾರ್ಪಡಿಸುವ ಪ್ಲಗಿನ್‌ಗಳು ಅಲ್ಲಿರುತ್ತವೆ. ವಿಎಲ್‌ಸಿ ಎಂಬ ಇನ್ನೊಂದು ಪ್ಲೇಯರ್‌ನಲ್ಲಾದರೆ ಟೂಲ್ಸ್ ಮೆನುವಿನ ‘ಪ್ಲಗಿನ್ಸ್ ಆ್ಯಂಡ್ ಎಕ್ಸ್‌ಟೆನ್ಷನ್ಸ್’ ತೆರೆದರೆ ಸಾಕು. ಪಟ್ಟಿ ಬಹಳ ಉದ್ದವಿದ್ದರೂ ಗಾಬರಿ ಬೇಡ, ಅವುಗಳಲ್ಲಿ ಹೆಚ್ಚಿನವು ಪ್ಲೇಯರ್ ಜೊತೆಯಲ್ಲೇ ಬಂದವು.

ನೀವು ಹೊರಗಿನಿಂದ ಸೇರಿಸಿದ ಪ್ಲಗಿನ್‌ಗಳನ್ನು ಮಾತ್ರ ಒಂದೊಂದಾಗಿ ನಿಷ್ಕ್ರಿಯಗೊಳಿಸಿ, ಪ್ರತಿ ಸಲವೂ ಪ್ಲೇಯರನ್ನು ಮುಚ್ಚಿ ತೆರೆದು, ತೊಂದರೆ ಕೊಟ್ಟ ಅದೇ ಫೈಲನ್ನು ಓಡಿಸಿ ಪರೀಕ್ಷಿಸಿ. ಎಲ್ಲವನ್ನೂ ಒಮ್ಮೆಲೇ ತೆಗೆದುಹಾಕಿದರೆ ತೊಂದರೆ ನಿಲ್ಲಬಹುದು, ಆದರೆ ಅದಕ್ಕೆ ಕಾರಣವಾದ ಪ್ಲಗಿನ್ ಯಾವುದೆಂದು ತಿಳಿಯುವುದಿಲ್ಲ. ಇಲ್ಲಿ ಸಹಾಯ ಕೇಳುವವರು ಪ್ಲೇಯರ್‌ನ ಆವೃತ್ತಿಯನ್ನೂ ಈ ಪಟ್ಟಿಯ ಸ್ಕ್ರೀನ್‌ಶಾಟನ್ನೂ ಜೊತೆಗೆ ಹಾಕಿದರೆ ಉತ್ತರಿಸುವುದು ಸುಲಭವಾಗುತ್ತದೆ.