ಗಿಫ್ಟ್ ಬುಟ್ಟಿ: ಕೊಳ್ಳುವವರು ಒಬ್ಬರು, ಬಿಚ್ಚುವವರು ಇನ್ನೊಬ್ಬರು

ಮನೆಯಲ್ಲೇ ಗಿಫ್ಟ್ ಬುಟ್ಟಿ ಕಟ್ಟಿ ಮಾರುತ್ತೇನೆ ಅಂತ ಹೊರಟವರು ಹೆಚ್ಚಾಗಿ ಮೊದಲು ಕೊಳ್ಳುವುದು ರಿಬ್ಬನ್ನು. ಹೊಳೆಯುವಂಥದ್ದು, ಜರಿ ಇರುವಂಥದ್ದು, ಸುರುಳಿ ಸುರುಳಿ ತಂದು ಗುಡ್ಡೆ ಹಾಕುತ್ತಾರೆ. ನನ್ನನ್ನು ಕೇಳಿದರೆ ಅದು ಕೊನೆಗೆ ಬರುವ ಸಾಮಾನು. ಈ ವ್ಯಾಪಾರದಲ್ಲಿ ದುಡ್ಡು ಕೊಡುವವರು ಒಬ್ಬರು, ಬುಟ್ಟಿ ಬಿಚ್ಚುವವರು ಇನ್ನೊಬ್ಬರು. ದುಡ್ಡು ಕೊಟ್ಟವರು ಫೋಟೊ ನೋಡಿ ಕೊಳ್ಳುತ್ತಾರೆ. ಎಷ್ಟೋ ಸಲ ಬುಟ್ಟಿಯನ್ನು ಕಣ್ಣಾರೆ ನೋಡುವುದೇ ಇಲ್ಲ. ಪಡೆದವರು ಮಾತ್ರ ಅದನ್ನು ಮುಂದಿಟ್ಟುಕೊಂಡು ಒಂದೊಂದೇ ತೆಗೆದು ನೋಡುತ್ತಾರೆ. ಮುಂದಿನ ಆರ್ಡರ್ ಬರುವುದು ಬಿಡುವುದು ಅವರು ಏನಂದರು ಅನ್ನುವುದರ ಮೇಲೆ.

ಅದಕ್ಕೇ ಆರ್ಡರ್ ಬಂದ ಕೂಡಲೇ "ಎಷ್ಟರೊಳಗೆ ಬೇಕು?" ಅಂತ ಶುರು ಮಾಡಬೇಡಿ. ಯಾರಿಗೆ, ಯಾಕೆ, ಅವರ ದಿನ ಹೇಗಿರುತ್ತದೆ ಅಂತ ಕೇಳಿ. ಈಗಷ್ಟೇ ಹೆತ್ತ ತಾಯಿಗೆ ಕಳಿಸುವ ಬುಟ್ಟಿಯಲ್ಲಿ ಎಲ್ಲರೂ ಮಗುವಿನ ಸಾಮಾನನ್ನೇ ತುಂಬುತ್ತಾರೆ. ಒಂದು ಕೈಯಲ್ಲಿ ಮಗು ಹಿಡಿದುಕೊಂಡೇ ತಿನ್ನಬಹುದಾದ ತಿನಿಸು, ಅಗಲ ಬಾಯಿಯ ನೀರಿನ ಲೋಟ, ಮೆತ್ತನೆ ಕಾಲುಚೀಲ ಇಟ್ಟು ನೋಡಿ, ಅವಳ ಮುಖ ಅರಳುತ್ತದೆ. ಕಾಯಿಲೆಯಿಂದ ಎದ್ದವರಿಗೆ ಘಮಘಮ ಮೇಣದಬತ್ತಿ ಬೇಡ, ಆ ಹೊತ್ತಿಗೆ ಹಲವರಿಗೆ ಯಾವ ವಾಸನೆಯೂ ಸೇರುವುದಿಲ್ಲ. ಇನ್ನೊಂದು ಪ್ರಶ್ನೆಯನ್ನು ಮರೆಯಲೇಬೇಡಿ. ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ, ಇವುಗಳಲ್ಲಿ ಯಾವುದಾದರೂ ಆಗದವರು ಆ ಮನೆಯಲ್ಲಿ ಇದ್ದಾರೆಯೇ? ಕೇಳಲು ಮುಜುಗರ ಏನಿದೆ? ಕೇಳದೆ ಹೋದರೆ ಅಪಾಯ ನಿಜವಾದದ್ದು.

ಒಳಗಿಡುವ ಸಾಮಾನು ಐದರಿಂದ ಏಳು ಸಾಕು. ಹದಿನೈದು ಚಿಲ್ಲರೆ ಸಾಮಾನು ತುಂಬಿದ ಬುಟ್ಟಿ ಫೋಟೊದಲ್ಲಿ ತುಂಬಿದಂತೆ ಕಾಣುತ್ತದೆ, ಬಿಚ್ಚಿದಾಗ ಸಂತೆಯಂತೆ ಕಾಣುತ್ತದೆ. ಒಂದು ದೊಡ್ಡದು, ಎರಡು ಮಧ್ಯಮ, ಉಳಿದದ್ದು ಸಣ್ಣದು. ಆ ದೊಡ್ಡದು ನಿಜವಾಗಿ ಒಳ್ಳೆಯದಿರಬೇಕು, ಬುಟ್ಟಿ ಖಾಲಿಯಾದ ಮೇಲೂ ಮನೆಯಲ್ಲಿ ಉಳಿಯುವಂಥದ್ದಾಗಿರಬೇಕು. ತಿನ್ನುವ ಪದಾರ್ಥ ಇದ್ದರೆ ಬಳಸುವ ಕೊನೆಯ ದಿನಾಂಕ ನೋಡಿ. ಕೊಡುವ ದಿನಕ್ಕಲ್ಲ, ಅದಕ್ಕಿಂತ ಕನಿಷ್ಠ ಒಂದೆರಡು ತಿಂಗಳು ಮುಂದಿರಲಿ. ಬಂದ ಉಡುಗೊರೆಯನ್ನು ಜನ ಅವತ್ತೇ ತಿಂದು ಮುಗಿಸುವುದಿಲ್ಲ. ಮನೆಯಲ್ಲಿ ಮಾಡಿದ ತಿಂಡಿ ಮಾರಲು ಬಹಳಷ್ಟು ಕಡೆ ನೋಂದಣಿಯೋ ಪರವಾನಗಿಯೋ ಬೇಕಾಗುತ್ತದೆ. ಅದನ್ನು ವಿಚಾರಿಸಿಕೊಳ್ಳುವ ತನಕ ಸೀಲು ಒಡೆಯದ ಪೊಟ್ಟಣಗಳನ್ನೇ ಇಡಿ. ದೊಡ್ಡ ಪೊಟ್ಟಣ ಒಡೆದು ಚಂದದ ಡಬ್ಬಿಗೆ ಹಾಕಿ ಕೊಡುವ ಆಸೆ ಬೇಡ. ಆಗ ದಿನಾಂಕವೂ ಹೋಯಿತು, ಏನೇನು ಹಾಕಿದೆ ಅನ್ನುವ ವಿವರವೂ ಹೋಯಿತು.

ಈಗ ಬುಟ್ಟಿಗೆ ಬರೋಣ. ಬೆತ್ತ, ಬಿದಿರು, ಹುಲ್ಲು, ಯಾವುದೇ ಆಗಲಿ, ಕೊಳ್ಳುವಾಗ ಮೂಗಿನ ಹತ್ತಿರ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ ಅಲ್ಲೇ ಬಿಡಿ. ತಂದ ಮೇಲೆ ಒಂದು ದಿನ ಬಿಸಿಲಿಗಿಡಿ. ಒಳಗೆ ಸಣ್ಣ ತೇವ ಇದ್ದರೂ ಪ್ಲಾಸ್ಟಿಕ್ ಸುತ್ತಿದ ನಾಲ್ಕೈದು ದಿನಕ್ಕೆ ಬೂಷ್ಟು ಬರುತ್ತದೆ. ಅಂಚಿನ ಸುತ್ತ ಬೆರಳಾಡಿಸಿ, ಸಿಬಿರು ಎದ್ದಿದ್ದರೆ ಉಪ್ಪು ಕಾಗದದಲ್ಲಿ ಉಜ್ಜಿ. ತುಂಬಿದ ಬುಟ್ಟಿಯನ್ನು ಹಿಡಿಕೆ ಹಿಡಿದು ಎತ್ತಿ ನೋಡದೆ ಯಾರಿಗೂ ಕೊಡಬೇಡಿ. ಬುಟ್ಟಿಯೇ ಆಗಬೇಕೆಂದೂ ಇಲ್ಲ. ಗಟ್ಟಿ ರಟ್ಟಿನ ಪೆಟ್ಟಿಗೆ, ಮರದ ತಟ್ಟೆ, ಬಟ್ಟೆಯ ಚೀಲ ಎಲ್ಲವೂ ನಡೆಯುತ್ತವೆ. ಕೊರಿಯರಿಗೆ ಚೌಕ ಪೆಟ್ಟಿಗೆಯಷ್ಟು ಹಿತವಾದದ್ದು ಇನ್ನೊಂದಿಲ್ಲ.

ಜೋಡಿಸುವುದರಲ್ಲಿ ಕೈಚಳಕಕ್ಕಿಂತ ತಳಪಾಯ ಮುಖ್ಯ. ಬುಟ್ಟಿಯ ಅಡಿಗೆ ಅಳತೆಗೆ ಕತ್ತರಿಸಿದ ಒಂದು ರಟ್ಟು ಹಾಕಿ. ಅದರ ಮೇಲೆ ಬಿಳಿ ಕಾಗದವನ್ನು ಮುದ್ದೆ ಮಾಡಿ ಅರ್ಧದವರೆಗೆ ಒತ್ತಿ ತುಂಬಿ. ಹಳೆಯ ಪೇಪರ್ ಬೇಡ, ಮಸಿ ಹತ್ತುತ್ತದೆ. ಬಣ್ಣದ ಕಾಗದದ ಎಳೆಗಳನ್ನು ಮೇಲಿನ ಒಂದು ಪದರಕ್ಕೆ ಮಾತ್ರ ಹಾಕಿ. ಪೂರ್ತಿ ಅದನ್ನೇ ತುಂಬಿದರೆ ಖರ್ಚೂ ಜಾಸ್ತಿ, ದಾರಿಯಲ್ಲಿ ಕುಸಿದು ಸಾಮಾನೆಲ್ಲ ಒಳಗೆ ಹೂತುಹೋಗುತ್ತದೆ. ಎತ್ತರದ್ದು ಹಿಂದೆ, ಭಾರದ್ದು ನಡುವೆ ಮತ್ತು ಕೆಳಗೆ, ಸಣ್ಣದು ಮುಂದೆ. ಹೆಸರು ಬರೆದ ಮುಖ ಎಲ್ಲವೂ ಒಂದೇ ಕಡೆಗೆ. ಬಾಟಲಿ, ಡಬ್ಬಿಗಳಿಗೆ ಹಿಂದಿನಿಂದ ಟೇಪಿನ ತುಂಡನ್ನು ಉಂಗುರದಂತೆ ಸುತ್ತಿ ಅಂಟಿಸಿ. ಬಿಸಿ ಅಂಟು ಹಾಕಿದರೆ ಭದ್ರವೇನೋ ಹೌದು, ಆದರೆ ಬಿಚ್ಚುವವರು ಕಿತ್ತು ಕಿತ್ತು ಲೇಬಲ್ ಹರಿಯುತ್ತಾರೆ. ಎಲ್ಲ ಮುಗಿದ ಮೇಲೆ ಬುಟ್ಟಿಯನ್ನು ಹಿಡಿದು ಒಮ್ಮೆ ಓರೆ ಮಾಡಿ, ಮೆಲ್ಲಗೆ ಅಲ್ಲಾಡಿಸಿ. ಏನಾದರೂ ಜಾರಿದರೆ ಈಗಲೇ ಜಾರಲಿ.

ಸೋಪು ಮತ್ತು ಚಹಾಪುಡಿ ಒಂದೇ ಬುಟ್ಟಿಯಲ್ಲಿ ಕೂತರೆ ಏನಾಗುತ್ತದೆ ಗೊತ್ತಲ್ವಾ? ಚಹಾ ಸೋಪಾಗುತ್ತದೆ! ಚಹಾ, ಬಿಸ್ಕತ್ತು, ಚಾಕೊಲೇಟು ಮೂರೂ ಪಕ್ಕದ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತವೆ. ಪರಿಮಳದ ವಸ್ತುಗಳಿಗೆ ಬೇರೆಯೇ ಬುಟ್ಟಿ ಮಾಡಿ, ತಿನ್ನುವುದರ ಜೊತೆ ಸೇರಿಸಬೇಡಿ. ಗಿರಾಕಿ ಹಠ ಹಿಡಿದರೆ ಸೋಪನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ. ಚಾಕೊಲೇಟಿನದು ಇನ್ನೊಂದು ತಲೆನೋವು. 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ, 34ರ ಆಸುಪಾಸು ಕರಗಿಯೇ ಹೋಗುತ್ತದೆ. ಕರಗಿ ಮತ್ತೆ ಗಟ್ಟಿಯಾದಾಗ ಮೇಲೆ ಬಿಳಿ ಪುಡಿಯಂತೆ ಕಾಣುವುದು ಅದರದೇ ಕೊಬ್ಬು. ತಿಂದರೆ ಏನೂ ಆಗುವುದಿಲ್ಲ, ಆದರೆ ಪಡೆದವರು ಬೂಷ್ಟು ಅಂದುಕೊಂಡು ಎಸೆಯುತ್ತಾರೆ. ಸೆಕೆಗಾಲದಲ್ಲಿ ದೂರಕ್ಕೆ ಹೋಗುವ ಬುಟ್ಟಿಗೆ ಚಾಕೊಲೇಟು ಬೇಡವೇ ಬೇಡ.

ಮೇಲಿನ ಹೊದಿಕೆಗೆ ಎರಡು ದಾರಿ. ಪಾರದರ್ಶಕ ಹಾಳೆಯನ್ನು ನಾಲ್ಕು ಕಡೆಯಿಂದ ಎತ್ತಿ ಮೇಲೆ ಗಂಟು ಕಟ್ಟುವುದು ಒಂದು. ಕುಗ್ಗುವ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಬಿಸಿ ಗಾಳಿ ಹಿಡಿಯುವುದು ಇನ್ನೊಂದು. ಎರಡನೆಯದಕ್ಕೆ ಕೂದಲು ಒಣಗಿಸುವ ಡ್ರೈಯರ್ ನಿಧಾನ, ಆದರೆ ಶುರುವಿಗೆ ಸಾಕು. ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಾ ಇರಿ, ಇಲ್ಲವಾದರೆ ತೂತು ಬೀಳುತ್ತದೆ. ಚಾಕೊಲೇಟು, ಮೇಣದಬತ್ತಿ ಇರುವ ಕಡೆಗೆ ಬಿಸಿ ತೋರಿಸಲೇಬೇಡಿ. ರಿಬ್ಬನ್ನಿನ ಅಂಚಿನಲ್ಲಿ ಸಣ್ಣ ತಂತಿ ಇರುವುದನ್ನು ಆರಿಸಿ. ಗಂಟು ಚಪ್ಪಟೆಯಾದರೂ ಬೆರಳಿನಿಂದ ಎತ್ತಿ ಸರಿ ಮಾಡಬಹುದು. ರಿಬ್ಬನ್ ಬಗ್ಗೆ ಇಷ್ಟು ಸಾಕು.

ಬೆಲೆ ಹಾಕುವಾಗ ಹೆಚ್ಚಿನವರು ಒಳಗಿನ ಸಾಮಾನಿನ ದುಡ್ಡು ಕೂಡಿಸಿ, ಮೇಲೆ ಸ್ವಲ್ಪ ಸೇರಿಸಿ ಹೇಳಿಬಿಡುತ್ತಾರೆ. ವರ್ಷ ಪೂರ್ತಿ ದುಡಿದು ಕೊನೆಗೆ "ಏನೂ ಉಳಿಯಲಿಲ್ಲ" ಅನ್ನುತ್ತಾರೆ. ಹೇಗೆ ಉಳಿಯುತ್ತದೆ? ಸಾಮಾನಿನ ಅಸಲು 100 ಅಂತ ಇಟ್ಟುಕೊಳ್ಳಿ. ಬುಟ್ಟಿ, ಕಾಗದ, ಹಾಳೆ, ರಿಬ್ಬನ್, ಕಾರ್ಡು, ಟೇಪು ಸೇರಿ ಸುಲಭವಾಗಿ 40 ಆಗುತ್ತದೆ. ಇದನ್ನು ಊಹೆಯಲ್ಲಿ ಬರೆಯಬೇಡಿ, ಒಂದು ಬುಟ್ಟಿಗೆ ಎಷ್ಟು ಉದ್ದ ಹಾಳೆ ಹೋಯಿತು ಅಂತ ಅಳೆದು ಬರೆಯಿರಿ. ನಿಮ್ಮ ಹೊತ್ತಿಗೆ ಒಂದು 40. ಹೊತ್ತು ಅಂದರೆ ಕಟ್ಟುವ ಹೊತ್ತು ಮಾತ್ರವಲ್ಲ, ಅಂಗಡಿ ಸುತ್ತಿದ್ದು, ಫೋನಿನಲ್ಲಿ ಮಾತಾಡಿದ್ದು, ಫೋಟೊ ತೆಗೆದದ್ದು ಎಲ್ಲ ಸೇರಿ. ಒಡೆದದ್ದು, ಉಳಿದು ಹಾಳಾದದ್ದು, ಕರೆಂಟು, ಓಡಾಟಕ್ಕೆ 10. ಇಲ್ಲಿಗೇ 190 ಆಯಿತು. ಲಾಭ ಇದರ ಮೇಲೆ ಶುರು. ಅಂಗಡಿಯವರು ತಂದಿಟ್ಟು ಮಾರುತ್ತೇವೆ ಅಂದರೆ ಅವರ ಪಾಲೂ ಇದರ ಮೇಲೆಯೇ.

"ಇಷ್ಟೊಂದು ಬೆಲೆಗೆ ಯಾರು ಕೊಳ್ಳುತ್ತಾರೆ?" ಅನ್ನಿಸಿದರೆ ತೊಂದರೆ ಬೇರೆ ಕಡೆ ಇದೆ. ಯಾವ ಅಂಗಡಿಯಲ್ಲೂ ಸಿಗುವ ಸಾಮಾನನ್ನೇ ಬಿಡಿ ಬೆಲೆಗೆ ತಂದು ತುಂಬಿದರೆ ಗಿರಾಕಿ ಕೂತಲ್ಲೇ ಲೆಕ್ಕ ಹಾಕುತ್ತಾರೆ. ನಿಮ್ಮ ಕೈಯ ಕೆಲಸ ಒಂದಾದರೂ ಒಳಗಿರಲಿ. ಹೆಣೆದದ್ದು, ಹೊಲಿದದ್ದು, ಬಣ್ಣ ಹಾಕಿದ್ದು ಯಾವುದಾದರೂ ಸರಿ. ಮಿಕ್ಕದ್ದನ್ನು ಡಜನ್ ಲೆಕ್ಕದಲ್ಲಿ, ಸಾಧ್ಯವಾದರೆ ಮಾಡುವವರಿಂದಲೇ ಕೊಳ್ಳಿ. ಆದರೆ ಸಗಟು ಅಗ್ಗ ಅಂತ ಮನೆ ತುಂಬಿಸಬೇಡಿ. ಮೂರು ತರಹದ ಬುಟ್ಟಿ, ಎರಡು ಅಳತೆ, ಶುರುವಿಗೆ ಅಷ್ಟೇ ಸಾಕು. ಒಂದೇ ಸಾಮಾನು ಎರಡು ಮೂರು ತರಹದಲ್ಲಿ ಹೊಂದುವಂತಿದ್ದರೆ ಉಳಿಕೆ ಕಡಿಮೆ. ಮುಂಗಡ ಅರ್ಧ ಬಂದ ಮೇಲೆಯೇ ಕೈ ಹಾಕಿ. ನೆಂಟರಾದರೂ ಅಷ್ಟೇ, ನೆಂಟರಾದರೆ ಇನ್ನೂ ಮೊದಲು!

ಕೊರಿಯರ್ ಲೆಕ್ಕ ಗೊತ್ತಿಲ್ಲದೆ ಬೆಲೆ ಹೇಳಿ ಕೈ ಸುಟ್ಟುಕೊಂಡವರು ಬಹಳ. ಹಲವು ಕೊರಿಯರಿನವರು ತೂಕದ ಜೊತೆ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ. 40, 30, 30ರ ಪೆಟ್ಟಿಗೆ ಆದರೆ 36,000, ಭಾಗಿಸಿದರೆ 7.2 ಕಿಲೊ. ನಿಮ್ಮ ಬುಟ್ಟಿಯ ನಿಜವಾದ ತೂಕ 2 ಕಿಲೊ ಇರಬಹುದು, ದುಡ್ಡು 7.2ಕ್ಕೆ ಕೊಡಬೇಕು. ಹಿಡಿಕೆ ಎತ್ತರವಾಗಿರುವ ಬುಟ್ಟಿ ಇಲ್ಲಿ ಸುಮ್ನೆ ದಂಡ. ಪೆಟ್ಟಿಗೆಯೊಳಗೆ ಎಲ್ಲ ಕಡೆಯೂ 5 ಸೆಂಟಿಮೀಟರಿನಷ್ಟು ಮೆತ್ತೆ ಇರಲಿ. ಸುಗಂಧದ ಬಾಟಲಿ, ಉಗುರು ಬಣ್ಣದಂಥ ಬೇಗ ಬೆಂಕಿ ಹತ್ತುವ ಸಾಮಾನನ್ನು ವಿಮಾನದಲ್ಲಿ ಕಳಿಸಲು ನಿರ್ಬಂಧ ಇರುತ್ತದೆ, ಮೊದಲೇ ಕೇಳಿಕೊಳ್ಳಿ.

ಫೋಟೊಗೆ ಕಿಟಕಿ ಬೆಳಕೇ ಒಳ್ಳೆಯದು, ಫ್ಲ್ಯಾಶ್ ಹಾಕಿದರೆ ಹೊದಿಕೆ ಹೊಳೆದು ಒಳಗಿನದು ಕಾಣುವುದಿಲ್ಲ. ಹೊದಿಕೆ ಹಾಕುವ ಮೊದಲೊಂದು, ಹಾಕಿದ ಮೇಲೊಂದು ತೆಗೆಯಿರಿ. ಕಳಿಸುವ ಬುಟ್ಟಿಯದೇ ಫೋಟೊವನ್ನು ದುಡ್ಡು ಕೊಟ್ಟವರಿಗೆ ಕಳಿಸಿ. ತಾವು ಏನು ಕೊಟ್ಟೆವು ಅಂತ ಅವರಿಗೂ ತಿಳಿಯಬೇಕಲ್ಲ. ಬೆಲೆ ಚೀಟಿಗಳನ್ನು ಕಿತ್ತಿದ್ದೀರಾ ಅಂತ ಕಟ್ಟುವ ಮೊದಲೇ ನೋಡಿ. ಬರದಿದ್ದರೆ ಡ್ರೈಯರಿನ ಬಿಸಿ ತೋರಿಸಿ, ಉಳಿದ ಅಂಟಿಗೆ ಒಂದು ತೊಟ್ಟು ಎಣ್ಣೆ ಹಚ್ಚಿ ಒರೆಸಿ. ಕಾರ್ಡಿನ ಹೆಸರಿನ ಅಕ್ಷರಗಳನ್ನು ಕೊಟ್ಟವರಿಂದಲೇ ಬರೆಸಿಕೊಂಡು ನೋಡಿ ಬರೆಯಿರಿ.

ಒಂದು ನೋಟ್ ಪುಸ್ತಕ ಇಡಿ. ಯಾರು, ಯಾರಿಗೆ, ಯಾವ ದಿನಕ್ಕೆ, ಒಳಗೆ ಏನೇನು ಅಂತ ಬರೆದಿಡಿ. ಮುಂದಿನ ವರ್ಷ ಅದೇ ದಿನಕ್ಕೆ ಮೂರು ವಾರ ಮುಂಚೆ ಅವರಿಗೊಂದು ಸಂದೇಶ ಹಾಕಿ, "ಹೋದ ಸಲ ಇದನ್ನು ಇಟ್ಟಿದ್ದೆವು, ಈ ಸಲ ಬೇರೆ ಮಾಡೋಣವೇ?" ಅಂತ ಕೇಳಿ. ಹೋದ ಸಲ ಪಡೆದವರಿಗೆ ಯಾವುದು ಇಷ್ಟವಾಯಿತು ಅನ್ನುವುದನ್ನೂ ಆಗಲೇ ಕೇಳಿ ಬರೆದುಕೊಳ್ಳಿ.