ಮಾಲಾ-ಎನ್, ಛಾಯಾ ಮತ್ತು ಗೋಡೆ ಮೇಲಿನ ಕ್ಯಾಲೆಂಡರ್

ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಆಶಾ ಕಾರ್ಯಕರ್ತೆ. ಮನೆಗೆ ಹೋದಾಗ ಹೆಣ್ಣುಮಕ್ಕಳು ನನ್ನನ್ನು ಒಲೆ ಹತ್ತಿರ ಕರೆದು, ರೊಟ್ಟಿ ಬಡಿಯುತ್ತಲೇ ದನಿ ತಗ್ಗಿಸಿ ಕೇಳುತ್ತಾರೆ: “ಯಕ್ಕಾ, ಗುಳಿಗಿ ಶುರು ಮಾಡಿದ ಮ್ಯಾಲ ಮುಟ್ಟು ಮೊದಲಿನಂಗ ಆಗವಲ್ದು. ಏನರೆ ಆಗ್ಯಾದೇನು?”

ಗರ್ಭ ತಡೆಯುವ ಗುಳಿಗೆಯ ಮಾತು ಇದು. ನಾನು ಕೇಳುವುದು ಒಂದೇ. ಯಾವ ಗುಳಿಗೆ? ಪಾಕೀಟು ತಾ.

ಮಾಲಾ-ಎನ್ ಆದರೆ ಅದರಲ್ಲಿ 28 ಗುಳಿಗೆ. 21 ಬಿಳಿ, ಹಾರ್ಮೋನಿನವು. ಉಳಿದ 7 ಕಂದು, ಬರೀ ಕಬ್ಬಿಣಾಂಶ. ಬಿಳಿ ಮುಗಿದ ಎರಡು ಮೂರು ದಿನಕ್ಕೆ ಸ್ರಾವ ಶುರುವಾಗುತ್ತದೆ. ಹಾರ್ಮೋನು ನಿಂತದ್ದಕ್ಕೆ ಗರ್ಭಕೋಶದ ಒಳಪದರ ಕಳಚುತ್ತದೆ, ಅಷ್ಟೇ. ಆ ಪದರ ಗುಳಿಗೆಯಿಂದ ತೆಳುವಾಗಿರುವುದರಿಂದ ಸ್ರಾವವೂ ಕಮ್ಮಿ, ನೋವೂ ಕಮ್ಮಿ. “ಕೆಟ್ಟ ರಕ್ತ ಒಳಗs ಉಳೀತದ” ಅಂತ ನಮ್ಮ ಕಡೆ ಹಿರಿಯರು ಹೆದರಿಸುತ್ತಾರೆ. ಉಳಿಯುವುದಕ್ಕೆ ಒಳಗೆ ಏನೂ ಕೂಡಿರುವುದಿಲ್ಲ.

ಮೊದಲ ಮೂರು ತಿಂಗಳು ನಡುನಡುವೆ ರಕ್ತದ ಕಲೆ ಕಾಣಬಹುದು. ಗುಳಿಗೆ ಬಿಡಬೇಡಿ, ದಿನಾ ಒಂದೇ ಹೊತ್ತಿಗೆ ನುಂಗಿ. ಮೂರು ತಿಂಗಳಾದ ಮೇಲೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಒಬ್ಬ ಸೊಸೆ ಕಂದು ಗುಳಿಗೆಗಳನ್ನು ಶಕ್ತಿಗೆಂದು ಅತ್ತೆಗೆ ಕೊಟ್ಟಿದ್ದಳು! ಅದರಿಂದ ಅವಳ ರಕ್ಷಣೆ ಹೋಗಲಿಲ್ಲ. ಆದರೆ ಲೆಕ್ಕ ತಪ್ಪಿ ಹೊಸ ಪಾಕೀಟು ಎರಡು ದಿನ ತಡವಾಯಿತು. ಬಿಳಿ ಗುಳಿಗೆ ಇಲ್ಲದ ದಿನ ಏಳು ದಾಟಿದರೆ ಅದೇ ದೊಡ್ಡ ಅಪಾಯ. ಆ ಕಂದು ಏಳು ಇರುವುದೇ ಕೈಗೆ ರೂಢಿ ತಪ್ಪದಿರಲೆಂದು, ಜೊತೆಗೆ ರಕ್ತಕ್ಕೂ ಒಳ್ಳೆಯದು.

ಛಾಯಾ ಬೇರೆ ಜಾತಿ. ಅದರಲ್ಲಿ ಹಾರ್ಮೋನಿಲ್ಲ. ಲಖನೌದ ಸಂಶೋಧನಾಲಯದಲ್ಲಿ ಹುಟ್ಟಿದ ಸೆಂಟ್‌ಕ್ರೋಮ್ಯಾನ್ ಎಂಬ ಔಷಧ ಅದು. ಮುಟ್ಟಿನ ಮೊದಲ ದಿನ ರವಿವಾರ ಬಂತೆನ್ನಿ: ಮೂರು ತಿಂಗಳು ರವಿವಾರ ಮತ್ತು ಬುಧವಾರ, ಆಮೇಲೆ ರವಿವಾರ ಮಾತ್ರ. ಇದರಲ್ಲಿ ಮುಟ್ಟು ತಡವಾಗುತ್ತದೆ, ಕಮ್ಮಿಯೂ ಆಗುತ್ತದೆ, ಅದರಲ್ಲೂ ಮೊದಲ ಕೆಲವು ತಿಂಗಳು. ಹದಿನೈದು ದಿನಕ್ಕಿಂತ ತಡವಾದರೆ ನನ್ನ ಚೀಲದಲ್ಲಿ ಕಿಟ್ ಇದೆ, ಗರ್ಭ ಪರೀಕ್ಷೆ ಮಾಡಿಸಿ. ಎದೆಹಾಲು ಕುಡಿಸುವವರಿಗೂ ಛಾಯಾ ನಡೆಯುತ್ತದೆ. ಮಾಲಾ-ಎನ್ ಮಾತ್ರ ಮಗುವಿಗೆ ಆರು ತಿಂಗಳಾಗುವ ತನಕ ಬೇಡ.

ಪ್ರೊಜೆಸ್ಟಿನ್ ಎಂಬ ಹಾರ್ಮೋನು ಒಂದೇ ಇರುವ ಗುಳಿಗೆಯಲ್ಲಿ ಸ್ರಾವ ಯಾವಾಗ ಬರುತ್ತದೋ ಹೇಳುವುದಕ್ಕಾಗದು. ಕೆಲವರಿಗೆ ನಿಂತೇ ಹೋಗುತ್ತದೆ.

ಇನ್ನು ಶರಣಬಸವೇಶ್ವರರ ಜಾತ್ರೆ ಹತ್ತಿರ ಬಂತೆಂದರೆ, ಮುಟ್ಟು ಮುಂದೂಡಬೇಕೆಂದು ಬರುವವರು. ತೇರಿನ ಹೊತ್ತಿಗೆ ಹೊರಗೆ ಕೂರಬೇಕೆನ್ನುವುದು ನನಗೆ ಒಪ್ಪಿಗೆಯಿಲ್ಲ, ಆದರೆ ವಾದಕ್ಕೆ ಇಳಿಯುವುದಿಲ್ಲ. ಮಾಲಾ-ಎನ್ ನುಂಗುವವರಿಗೆ ದಾರಿ ಸುಲಭ: ಬಿಳಿ ಮುಗಿದ ಮರುದಿನವೇ, ಕಂದು ನುಂಗದೆ, ಹೊಸ ಪಾಕೀಟಿನ ಬಿಳಿ ಶುರು ಮಾಡಿದರೆ ಆ ತಿಂಗಳ ಸ್ರಾವ ತಪ್ಪುತ್ತದೆ. ಅಮೆರಿಕದಲ್ಲಿ 2003ರಿಂದ 84 ದಿನ ಸತತ ನುಂಗುವ ಪಾಕೀಟೇ ಸಿಗುತ್ತಿದೆ, ವರ್ಷಕ್ಕೆ ನಾಲ್ಕೇ ಸ್ರಾವ. ಸತತ ನುಂಗಿದಾಗ ನಡುವೆ ಕಲೆ ಹೆಚ್ಚು, ಅದಕ್ಕೆ ಸಿದ್ಧರಿರಿ. ಅಂಗಡಿಯಲ್ಲಿ ಕೊಡುವ ಮುಂದೂಡುವ ಗುಳಿಗೆ ಬೇರೆ, ಅದು ಗರ್ಭ ತಡೆಯುವುದಿಲ್ಲ.

ಬಿಪಿ, ಕಣ್ಣು ಮಂಜಾಗುವ ತಲೆನೋವು, ಕಾಲು ಊತ, ಕ್ಷಯದ ರಿಫಾಂಪಿಸಿನ್, ಮೂರ್ಛೆಯ ಗುಳಿಗೆ: ಇವು ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು.

ಹೋದ ಪಂಚಮಿಗೆ ತವರಿಗೆ ಹೋದ ಒಬ್ಬಳು ಪಾಕೀಟು ಗಂಡನ ಮನೆಯಲ್ಲೇ ಮರೆತು ಬಂದಳು. ಮೂರು ಬಿಳಿ ತಪ್ಪಿ ಮರುದಿನ ರಕ್ತ. ಹೆದರಿ ಓಡಿ ಬಂದಳು. ತಕ್ಷಣ ಒಂದು ನುಂಗಿಸಿದೆ, ಏಳು ದಿನ ನಿರೋಧ್ ಬಳಸೆಂದೆ. ಅವಳ ಮನೆ ಕ್ಯಾಲೆಂಡರಿನಲ್ಲಿ ಈಗ ದಿನಕ್ಕೊಂದು ಗೀಟು. ಗೀಟು ಎಳೆಯುವುದು ಗಂಡ.