ಬಟನ್ ಒತ್ತುವ ಮೊದಲಿನ ಮಾತು

ಆ ಅಜ್ಜಿ ಬಂದಿದ್ದು ಯಲ್ಲಾಪುರ ಕಡೆಯ ಹಳ್ಳಿಯಿಂದ, ಬೆಳಗಿನ ಬಸ್ಸಿಗೆ. ಕೈಯಲ್ಲಿ ಡಾಕ್ಟರ ಚೀಟಿ, ಅದರಲ್ಲಿ ‘ಸಿ.ಟಿ. ಪಿಎನ್‌ಎಸ್’ ಎಂದು ಬರೆದಿತ್ತು. ಮುಖದ ಮೂಳೆಯೊಳಗೆ ಗಾಳಿ ತುಂಬಿದ ಗೂಡುಗಳಿರುತ್ತವಲ್ಲ, ಸೈನಸ್ ಅಂತೀವಿ, ಅವುಗಳನ್ನು ಎಕ್ಸ್‌ರೇ ಕಿರಣದಿಂದ ಪದರ ಪದರವಾಗಿ ನೋಡುವ ಸ್ಕ್ಯಾನ್. ಎಡಗೆನ್ನೆ ಭಾರ, ಬಗ್ಗಿದರೆ ನೋವು, ಮೂಗಿನಿಂದ ಕೆಟ್ಟ ವಾಸನೆ. ಮೂರು ತಿಂಗಳಿಂದ ಹೀಗೇ ಇದೆಯಂತೆ.

“ಅಜ್ಜಿ, ಮೂಗುಬೊಟ್ಟು ತೆಗೀಬೇಕಾಗ್ತದೆ” ಅಂದೆ.

“ತೆಗೆಯದೇ ನಲವತ್ತು ವರ್ಷ ಆಯ್ತು ತಮಾ. ತಿರುಪು ಕೂತುಹೋಗಿದೆ.”

ಶಿರಸಿಯಲ್ಲಿ ಸ್ಕ್ಯಾನ್ ತೆಗೆಯುವ ಕೆಲಸಕ್ಕೆ ಇದು ದಿನನಿತ್ಯದ ಮಾತು. ಅದಕ್ಕೇ ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಸಣ್ಣ ಬಾಟಲಿ ತೆಂಗಿನೆಣ್ಣೆ ಯಾವಾಗಲೂ ಇರುತ್ತದೆ. ತಿರುಪಿನ ಬುಡಕ್ಕೆ ಎರಡು ಹನಿ ಬಿಟ್ಟು, ಐದು ನಿಮಿಷ ಕಾದು, ಹತ್ತಿ ಹಿಡಿದು ನಿಧಾನ ತಿರುಗಿಸಿದರೆ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. ಅವಸರ ಮಾಡಬಾರದು. ತೆಗೆದಿದ್ದನ್ನು ಅವರ ಕಣ್ಣೆದುರೇ ಕಾಗದದಲ್ಲಿ ಕಟ್ಟಿ ಅವರ ಕೈಗೇ ಕೊಡಬೇಕು. ಚಿನ್ನದ ಬೊಟ್ಟು ಎಷ್ಟೇ ಸಣ್ಣದಿರಲಿ, ಸ್ಕ್ಯಾನ್‌ನಲ್ಲಿ ಅದರ ಸುತ್ತ ಬಿಳಿ, ಕಪ್ಪು ಗೆರೆಗಳು ಕಿರಣದ ಹಾಗೆ ಚೆಲ್ಲಿಬಿಡುತ್ತವೆ. ನೋಡಬೇಕಾದ ಜಾಗವೇ ಮೂಗು. ಅಲ್ಲಿಯೇ ಚಿತ್ರ ಹಾಳಾದರೆ ಯಾರಿಗೆ ಉಪಯೋಗ?

ತೆಗೆಸಬೇಕಾದ್ದು ಯಾವುದು, ಬೇಡದ್ದು ಯಾವುದು ಅಂತಲೂ ಗೊತ್ತಿರಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕಾರವಾರದಲ್ಲಿದ್ದೆ. ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಒಬ್ಬ ಅಜ್ಜಿ ಸೈನಸ್ ಸ್ಕ್ಯಾನ್‌ಗೆ ಬಂದಿದ್ದರು. ಕುತ್ತಿಗೆ ತುಂಬ ಮಣಿಸರ. ನಾನು ಯೋಚನೆ ಮಾಡದೆ ಎಲ್ಲಾ ತೆಗೆಯಿರಿ ಅಂದೆ. ಅವರು ಏನೂ ಹೇಳದೆ ಒಂದೊಂದಾಗಿ ಬಿಚ್ಚಿಟ್ಟರು. ಮುಖ ಸಣ್ಣದಾಯಿತು. ಆಮೇಲೆ ಲೆಕ್ಕ ಹಾಕಿದರೆ, ಸೈನಸ್ ಸ್ಕ್ಯಾನ್ ಶುರುವಾಗುವುದು ಮೇಲಿನ ಹಲ್ಲಿನಿಂದ, ಮುಗಿಯುವುದು ಹಣೆಯಲ್ಲಿ. ಕುತ್ತಿಗೆಗೆ ಅಲ್ಲಿ ಕೆಲಸವೇ ಇಲ್ಲ. ಸರವನ್ನು ಎದೆಯ ಮೇಲೆ ಸ್ವಲ್ಪ ಕೆಳಗೆ ಸರಿಸಿದ್ದರೆ ಸಾಕಿತ್ತು. ಆ ದಿನ ಮಾಡಿದ ತಪ್ಪು ಇವತ್ತಿಗೂ ಮನಸ್ಸಿನಲ್ಲಿದೆ. ಅಲ್ಲಿಂದ ಮುಂದೆ ಯಾರಿಗೇ ಆಗಲಿ, ಯಾವುದನ್ನು ಯಾಕೆ ತೆಗೆಯಬೇಕು ಅಂತ ಹೇಳಿಯೇ ತೆಗೆಸುತ್ತೇನೆ.

ಯಲ್ಲಾಪುರದ ಅಜ್ಜಿಗೆ ಮೂಗುಬೊಟ್ಟು ಬಿಚ್ಚುವ ಹೊತ್ತಿಗೆ ನಾಲ್ಕು ಸಲ ಸೀನು ಬಂತು. ಕರವಸ್ತ್ರ ಒದ್ದೆಯಾಗಿತ್ತು.

“ಥಂಡಿ ಯಾವಾಗಿನಿಂದ ಅಜ್ಜಿ?”

“ಮೊನ್ನೆಯಿಂದ. ಮಳೆಯಲ್ಲಿ ನೆಂದೆ.”

ಚೀಟಿಯ ತಾರೀಕು ನೋಡಿದೆ. ಮೂರು ವಾರದ ಹಿಂದಿನದು. ಡಾಕ್ಟರು ನೋಡಿದಾಗ ಈ ಹೊಸ ನೆಗಡಿ ಇರಲಿಲ್ಲ. ಕೂಡಲೇ ಅವರಿಗೆ ಫೋನ್ ಮಾಡಿದೆ. ಸ್ಕ್ಯಾನ್ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ನನ್ನ ಕೆಲಸವಲ್ಲ. ಆದರೆ ಅವರಿಗೆ ಗೊತ್ತಿಲ್ಲದ್ದನ್ನು ತಿಳಿಸುವುದು ನನ್ನದೇ ಕೆಲಸ. “ಬೇಡ, ಒಂದು ತಿಂಗಳು ಬಿಟ್ಟು ತೆಗೆಯಿರಿ” ಅಂದರು.

ಯಾಕೆ ಅಂತ ಹೇಳುತ್ತೇನೆ. 1994ರಲ್ಲಿ ಅಮೆರಿಕದಲ್ಲಿ ಹೊಸದಾಗಿ ನೆಗಡಿಯಾದ 31 ಜನರಿಗೆ ಸಿ.ಟಿ. ತೆಗೆದು ನೋಡಿದ್ದರು. ಅವರಲ್ಲಿ 27 ಜನರ ಕೆನ್ನೆಯ ಸೈನಸ್‌ನಲ್ಲಿ ಏನಾದರೂ ತೊಂದರೆ ಕಾಣಿಸಿತು. ಬರೀ ಮಾಮೂಲಿ ನೆಗಡಿಗೆ! ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದವರಲ್ಲಿ ಹೆಚ್ಚಿನವರದ್ದು ಆಂಟಿಬಯಾಟಿಕ್ ಇಲ್ಲದೆಯೇ ತಿಳಿಯಾಗಿತ್ತು. ಅಂದರೆ ನೆಗಡಿ ಇರುವಾಗ ತೆಗೆದ ಸ್ಕ್ಯಾನ್ ನೆಗಡಿಯನ್ನೇ ತೋರಿಸುತ್ತದೆ. ಮೂರು ತಿಂಗಳ ಹಳೆಯ ಕಾಯಿಲೆ ಅದರ ಹಿಂದೆ ಅಡಗಿ ಕೂರುತ್ತದೆ.

ಅಜ್ಜಿಗೆ ಬೇಜಾರಾಯಿತು. ಬಸ್ಸಿನ ದುಡ್ಡು, ಒಂದು ದಿನದ ಕೆಲಸ, ಎಲ್ಲಾ ಹೋಯಿತಲ್ಲ. ನನಗೂ ಬೇಜಾರೇ. ಆದರೂ ಕಳಿಸಿದೆ.

ಸೈನಸ್ ಸ್ಕ್ಯಾನ್ ಈಗ ಬಹಳ ಸುಲಭವಾಗಿದೆ. ಹಳೆಯ ಮಷೀನ್‌ಗಳಲ್ಲಿ ಪೇಷಂಟನ್ನು ಹೊಟ್ಟೆ ಮೇಲೆ ಮಲಗಿಸಿ, ಗದ್ದ ಮುಂದಕ್ಕೆ ಚಾಚಿಸಿ, ಕುತ್ತಿಗೆ ಹಿಂದಕ್ಕೆ ಬಗ್ಗಿಸಿ ತೆಗೆಯುತ್ತಿದ್ದೆವು. ಎದುರಿನಿಂದ ನೋಡಿದ ಹಾಗೆ ಚಿತ್ರ ಬೇಕೆಂದರೆ ಬೇರೆ ದಾರಿ ಇರಲಿಲ್ಲ. ವಯಸ್ಸಾದವರಿಗೆ ಅದು ಹಿಂಸೆ. ಈಗ ಅಂಗಾತ ಮಲಗಿದರೆ ಕೆಲವೇ ಸೆಕೆಂಡು. ತೆಳ್ಳನೆಯ ಪದರಗಳನ್ನು ತೆಗೆದುಕೊಂಡು ಕಂಪ್ಯೂಟರೇ ಯಾವ ದಿಕ್ಕಿಗೆ ಬೇಕೋ ಆ ದಿಕ್ಕಿಗೆ ಜೋಡಿಸಿಕೊಡುತ್ತದೆ. ಮೂಗಿನ ಆಪರೇಷನ್ ಮಾಡುವ ಡಾಕ್ಟರಿಗೆ ಆ ಎದುರಿನ ನೋಟವೇ ನಕಾಶೆ. ಮೂಗಿನ ಮಾಡು, ಅಂದರೆ ಚಾವಣಿ, ಮಿದುಳಿಗೆ ನೆಲ. ಕಣ್ಣಿನ ಕಡೆಯ ಗೋಡೆ ಕಾಗದದಷ್ಟು ತೆಳು. ಎರಡೂ ಬದಿಯ ಮಾಡು ಒಂದೇ ಎತ್ತರದಲ್ಲಿ ಇರಬೇಕೆಂದೇನಿಲ್ಲ. ಒಂದು ಬದಿ ಕೆಳಗೆ ಇಳಿದಿದ್ದರೆ ಅದನ್ನು ಮೊದಲೇ ನೋಡಿಕೊಂಡು ಒಳಗೆ ಹೋಗಬೇಕು.

ರೇಡಿಯೇಶನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೇಳಲೇಬೇಕು. ಗಾಳಿಗೂ ಮೂಳೆಗೂ ವ್ಯತ್ಯಾಸ ಜಾಸ್ತಿ ಇರುವುದರಿಂದ ಸೈನಸ್‌ಗೆ ಕಿರಣ ಕಡಿಮೆ ಇಟ್ಟರೂ ಚಿತ್ರ ಸ್ಪಷ್ಟ ಬರುತ್ತದೆ. ಮೈಗೆ ಬೀಳುವ ಕಿರಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಸರಿಯಾಗಿ ಹೊಂದಿಸಿದರೆ 1 ಮಿಲಿಸೀವರ್ಟ್‌ಗಿಂತ ಕೆಳಗೆ ಮುಗಿಸಬಹುದು. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬೀಳುತ್ತದೆ. ಹಾಗಂತ ಸುಮ್ನೆ ತೆಗೆಸುವುದಲ್ಲ. ಕಣ್ಣಿನ ಮಸೂರ ಕಿರಣಕ್ಕೆ ಬಹಳ ಸೂಕ್ಷ್ಮ. ಅದು ಸ್ಕ್ಯಾನ್ ಜಾಗದ ಒಳಗೇ ಇದೆ. ಒಂದೇ ಸಲಕ್ಕೆ ಸರಿಯಾಗಿ ತೆಗೆಯಬೇಕು, ಎರಡನೇ ಸಲ ಬೇಕಾಗಬಾರದು. ನನ್ನ ಎಚ್ಚರಿಕೆಯೆಲ್ಲ ಅದಕ್ಕೇ.

ಕಿವಿಯಲ್ಲಿ ಈ ಮಾತು ಇನ್ನೂ ನಿಜ. ನಡುಗಿವಿಯ ಮೂರು ಮೂಳೆಗಳಲ್ಲಿ ಕೊನೆಯದು ಸುಮಾರು 3 ಮಿಲಿಮೀಟರ್ ಉದ್ದ. ಅಕ್ಕಿಕಾಳಿಗಿಂತ ಸಣ್ಣದು. ಮುಕ್ಕಾಲು ಮಿಲಿಮೀಟರ್‌ಗಿಂತ ತೆಳ್ಳಗಿನ ಪದರ ತೆಗೆಯದಿದ್ದರೆ ಅದು ಸರಿಯಾಗಿ ಕಾಣುವುದಿಲ್ಲ. ತಲೆ ಸ್ವಲ್ಪ ಓರೆಯಾದರೂ ಬಲಗಿವಿ, ಎಡಗಿವಿ ಒಂದೇ ಪದರದಲ್ಲಿ ಸಿಗುವುದಿಲ್ಲ, ಹೋಲಿಸಿ ನೋಡುವುದು ಕಷ್ಟ. ಹಾಗಾಗಿ ಮಲಗಿಸಿದ ಮೇಲೆ ನಾನು ತಲೆಯ ಹತ್ತಿರ ನಿಂತು, ಮೂಗಿನ ತುದಿ ಮತ್ತು ಹಣೆಯ ನಡುವೆ ಲೇಸರ್ ಗೆರೆ ನೇರ ಬಿದ್ದಿದೆಯಾ ಅಂತ ನೋಡಿಯೇ ಹೊರಗೆ ಬರುವುದು.

ಕುಮಟಾದಿಂದ ಘಟ್ಟ ಹತ್ತಿ ಬಂದ ನಾಲ್ಕು ವರ್ಷದ ಒಂದು ಮಗು ನೆನಪಾಗುತ್ತದೆ. ವರ್ಷದಿಂದ ಕಿವಿ ಸೋರುತ್ತಿತ್ತು, ನಾತ ಬೇರೆ. ಚರ್ಮದಂಥ ಪದರ ನಡುಗಿವಿಯೊಳಗೆ ಬೆಳೆದು ಮೂಳೆ ತಿನ್ನುವ ಕಾಯಿಲೆ ಇದೆ, ಕೊಲೆಸ್ಟಿಯಾಟೋಮಾ ಅಂತ. ಡಾಕ್ಟರಿಗೆ ಅದೇ ಅನುಮಾನ. ನಿದ್ದೆ ಮದ್ದು ಕೊಡದೆ ಆಗುತ್ತದಾ ನೋಡೋಣ ಅಂತ ನಾನು ಹಿಂದಿನ ದಿನವೇ ತಾಯಿಗೆ ಫೋನಿನಲ್ಲಿ ಹೇಳಿದ್ದೆ. ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ, ಆಟ ಆಡಿಸಿ, ಇಲ್ಲಿಗೆ ಬಂದ ಮೇಲೆ ಊಟ ಕೊಡಿ. ತಾಯಿ ಹಾಗೇ ಮಾಡಿದರು. ಕೋಣೆಯ ದೀಪ ಆರಿಸಿ, ಮಗುವಿನ ಕಂಬಳಿಯನ್ನೇ ಮೇಜಿನ ಮೇಲೆ ಹಾಸಿದೆವು. ತಾಯಿ ತೊಡೆ ಮೇಲೆ ಹಾಕಿಕೊಂಡು ತಟ್ಟುತ್ತಾ ಕೂತರು. ಅರ್ಧ ಗಂಟೆ ಹಿಡಿಯಿತು. ಹೊರಗೆ ಆರು ಜನ ಕಾಯುತ್ತಿದ್ದರು. ಅವರಿಗೆ ಹೋಗಿ ವಿಷಯ ಹೇಳಿದೆ, ಯಾರೂ ಗೊಣಗಲಿಲ್ಲ. ಮಗು ನಿದ್ದೆಗೆ ಜಾರಿದ ಮೇಲೆ ನಿಧಾನ ಎತ್ತಿ ಮಲಗಿಸಿ, ತಲೆಯ ಎರಡು ಬದಿಗೆ ಮೆತ್ತೆ ಇಟ್ಟೆವು. ಸ್ಕ್ಯಾನ್ ಎಂಟು ಸೆಕೆಂಡು. ಮಗು ಏಳಲೇ ಇಲ್ಲ.

ಚಿತ್ರದಲ್ಲಿ ಬಲಗಿವಿಯ ಮೊದಲ ಎರಡು ಮೂಳೆಗಳು ಐಸ್‌ಕ್ರೀಮ್ ಕೋನ್ ಹಾಗೆ ಒಂದರ ಮೇಲೊಂದು ಚೆಂದ ಕೂತಿದ್ದವು. ಎಡಗಿವಿಯಲ್ಲಿ ಕೋನ್ ಅರ್ಧ ಸವೆದಿತ್ತು. ಸ್ಕ್ಯಾನ್ ಹೇಳುವುದು ಅಷ್ಟೇ: ಮೂಳೆ ಸವೆದಿದೆ, ಜಾಗ ತುಂಬಿದೆ. ತುಂಬಿರುವುದು ಕೀವೋ, ಊದಿದ ಮಾಂಸವೋ, ಕೊಲೆಸ್ಟಿಯಾಟೋಮಾವೋ ಅಂತ ಬರೀ ಸಿ.ಟಿ.ಯ ಬಣ್ಣದಿಂದ ಹೇಳಲಾಗುವುದಿಲ್ಲ. ಅದಕ್ಕೆ ಎಂಆರ್‌ಐಯಲ್ಲಿ ಡಿಫ್ಯೂಶನ್ ಅನ್ನುವ ವಿಧಾನ ಇದೆ. ಆಪರೇಷನ್ ಆದ ಮೇಲೆ ಮತ್ತೆ ಬೆಳೆದಿದೆಯಾ ಅಂತ ನೋಡಲು ಅದು ಬಹಳ ಸಹಾಯ. ನಮ್ಮಲ್ಲಿ ಎಂಆರ್‌ಐ ಇಲ್ಲ. ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಹೋಗುತ್ತಾರೆ. ಅಷ್ಟು ದೂರ ಹೋಗಿ ಬರುವವರ ಕಷ್ಟ ನೋಡಿದವರಿಗೆ, ಇಲ್ಲಿ ತೆಗೆದ ಚಿತ್ರ ಅಲ್ಲಿಯೂ ಉಪಯೋಗವಾಗಬೇಕು ಅನಿಸದೇ ಇರುವುದಿಲ್ಲ. ಫಿಲ್ಮ್ ಜೊತೆ ಸಿ.ಡಿ.ಯನ್ನೂ ಕೇಳಿ ತೆಗೆದುಕೊಳ್ಳಿ. ಫಿಲ್ಮಿನಲ್ಲಿ ಆರಿಸಿದ ಕೆಲವು ಚಿತ್ರ ಮಾತ್ರ ಇರುತ್ತದೆ, ಸಿ.ಡಿ.ಯಲ್ಲಿ ಎಲ್ಲಾ ಪದರಗಳೂ ಇರುತ್ತವೆ.

ಕಣ್ಣಿನ ಕಾಯಿಲೆಗಳಲ್ಲಿ ನನ್ನ ಪಾಲು ಕಡಿಮೆ. ರೆಟಿನಾದ ಪದರ ನೋಡುವ ಒಸಿಟಿ, ಪೊರೆ ಬಲಿತು ಒಳಗೆ ಏನೂ ಕಾಣದಿದ್ದಾಗ ಮಾಡುವ ಬಿ-ಸ್ಕ್ಯಾನ್, ಇವೆಲ್ಲ ಕಣ್ಣಿನ ಡಾಕ್ಟರ ಕೋಣೆಯಲ್ಲೇ ನಡೆಯುತ್ತವೆ. ನನ್ನ ಹತ್ತಿರ ಬರುವುದು ಪೆಟ್ಟು. ಕಳೆ ಹೊಡೆಯುವ ಮಷೀನ್‌ನಿಂದ ಹಾರಿದ ತಂತಿ ಚೂರು, ವೆಲ್ಡಿಂಗ್ ಅಂಗಡಿಯ ಕಬ್ಬಿಣದ ಕಣ. ಇವು ಸಿ.ಟಿ.ಯಲ್ಲಿ ಬೆಳ್ಳಗೆ ಹೊಳೆಯುತ್ತವೆ, ತಪ್ಪಿಸಿಕೊಳ್ಳುವುದು ಅಪರೂಪ. ಒಂದು ಮಾತು ಮಾತ್ರ ನೆನಪಿಡಿ. ಕಣ್ಣಿಗೆ ಯಾವಾಗಲಾದರೂ ಕಬ್ಬಿಣ ಹಾರಿದ್ದರೆ, ಹತ್ತು ವರ್ಷ ಹಳೆಯದಾದರೂ ಸರಿ, ಎಂಆರ್‌ಐಗೆ ಮೊದಲು ಹೇಳಲೇಬೇಕು. ಎಂಆರ್‌ಐ ಮಷೀನ್ ಅಂದರೆ ದೊಡ್ಡ ಅಯಸ್ಕಾಂತ, ಅದಕ್ಕೆ ಕಣ ಅಲುಗಿದರೆ ದೃಷ್ಟಿಯೇ ಹೋಗಬಹುದು.

ತಪ್ಪಿಸಿಕೊಳ್ಳುವುದು ಮರ. ಸಿದ್ದಾಪುರ ಕಡೆಯ ಒಬ್ಬ ಯುವಕ ರೆಪ್ಪೆ ಊದಿಸಿಕೊಂಡು ಬಂದಿದ್ದ. ಚೀಟಿಯಲ್ಲಿ ‘ಕಣ್ಣು ನೋವು, ಊತ’ ಅಂತ ಅಷ್ಟೇ ಇತ್ತು. ಸ್ಕ್ಯಾನ್‌ನಲ್ಲಿ ಕಣ್ಣುಗುಡ್ಡೆಯ ಮೇಲ್ಗಡೆ ಸಣ್ಣದೊಂದು ಕಪ್ಪು ಗೆರೆ. ಗಾಯದಿಂದ ಒಳಗೆ ಹೋದ ಗಾಳಿ ಅಂತ ಬಿಟ್ಟುಬಿಡುವುದು ಸುಲಭವಿತ್ತು. ಆದರೆ ಗಾಳಿ ಸಾಮಾನ್ಯವಾಗಿ ಗುಳ್ಳೆಯ ಹಾಗೆ ದುಂಡಗಿರುತ್ತದೆ, ಇದು ಕಡ್ಡಿಯ ಹಾಗೆ ನೇರ. ಸಿ.ಟಿ. ಕಂಡುಹಿಡಿದ ಹೌನ್ಸ್‌ಫೀಲ್ಡ್ ಅವರ ಹೆಸರಿನಲ್ಲೇ, ಚಿತ್ರದಲ್ಲಿ ಯಾವುದು ಎಷ್ಟು ಕಪ್ಪು, ಎಷ್ಟು ಬಿಳಿ ಅಂತ ಹೇಳುವ ಒಂದು ಅಳತೆ ಇದೆ. ನೀರು 0, ಗಾಳಿ ಮೈನಸ್ 1000. ಗೆರೆಯ ಮೇಲೆ ಕರ್ಸರ್ ಇಟ್ಟರೆ ಸಂಖ್ಯೆ ಅಷ್ಟು ಕೆಳಗೆ ಹೋಗಲಿಲ್ಲ. ಹೊರಗೆ ಬಂದು ಕೇಳಿದೆ.

“ಏನು ಮಾಡ್ತಾ ಇದ್ದೆ ಮಾರಾಯ, ಪೆಟ್ಟಾದಾಗ?”

“ಬೇಲಿ ಕಟ್ತಾ ಇದ್ದೆ. ಬಿದಿರಿನ ಸಿಬರು ತಾಗಿತು. ಎಳೆದು ಬಿಸಾಕಿದೆ.”

ಅವನು ಎಳೆದು ಬಿಸಾಕಿದ್ದು ಅರ್ಧ ಮಾತ್ರ. ಒಣ ಬಿದಿರು, ಒಣ ಮರ ಸಿ.ಟಿ.ಯಲ್ಲಿ ಹೆಚ್ಚೂಕಮ್ಮಿ ಗಾಳಿಯ ಹಾಗೇ ಕಪ್ಪಗೆ ಕಾಣುತ್ತದೆ. ಅದು ಒಳಗೇ ಉಳಿದರೆ ಕೀವಾಗುವ ಸಂಭವ ಜಾಸ್ತಿ. ಬಿದಿರು ಅನ್ನುವ ಒಂದು ಶಬ್ದ ಸ್ಕ್ಯಾನ್ ಓದಿ ರಿಪೋರ್ಟ್ ಬರೆಯುವ ಡಾಕ್ಟರಿಗೆ, ಅಂದರೆ ರೇಡಿಯಾಲಜಿಸ್ಟ್‌ಗೆ, ಹೋದ ಕೂಡಲೇ ಅವರು ಬೆಳಕು ಹೊಂದಿಸಿ ಮತ್ತೆ ನೋಡಿದರು, ಉದ್ದ ಅಳೆದು ಬರೆದರು. ಬೇಲಿ, ದೋಟಿ, ಅಡಿಕೆ ದಬ್ಬೆ ಇವುಗಳ ನಡುವೆಯೇ ಬದುಕುವ ನಮ್ಮ ಕಡೆ ಈ ಪ್ರಶ್ನೆ ಕೇಳದೆ ಇರಬಾರದು ಅಲ್ವಾ?

ಯಲ್ಲಾಪುರದ ಅಜ್ಜಿ ಐದನೇ ವಾರಕ್ಕೆ ಬಂದರು. ಮೂಗುಬೊಟ್ಟನ್ನು ಮನೆಯಲ್ಲೇ ತೆಗೆದು ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಿದ್ದರು. ನೆಗಡಿ ಹೋಗಿತ್ತು. ಮೂಗು ಸ್ವಚ್ಛ ಮಾಡಿಸಿ ಮಲಗಿಸಿದೆ. ಚಿತ್ರ ಬಂದಾಗ ಬಲಗೆನ್ನೆ, ಹಣೆ, ಕಣ್ಣುಗಳ ನಡುವೆ ಎಲ್ಲಾ ಕಡೆ ಶುದ್ಧ ಕಪ್ಪು, ಅಂದರೆ ಗಾಳಿ. ಎಡಗೆನ್ನೆಯ ಸೈನಸ್ ಒಂದೇ ತುಂಬಿತ್ತು. ಅದರ ನೆಲದಲ್ಲಿ ಮೇಲಿನ ದವಡೆ ಹಲ್ಲಿನ ಬೇರು, ಬೇರಿನ ಸುತ್ತ ಮೂಳೆ ಕರಗಿದ ಕಪ್ಪು ವೃತ್ತ. ಹಲ್ಲಿನ ಸೋಂಕು ಮೇಲೆ ಏರಿ ಸೈನಸ್‌ಗೆ ಹೋಗಿತ್ತು. ಮೊದಲ ದಿನ ನೆಗಡಿಯಲ್ಲಿ ತೆಗೆದಿದ್ದರೆ ಎರಡೂ ಕಡೆ ಮಬ್ಬಾಗಿ, ಕಣ್ಣು ಆ ಹಲ್ಲಿನ ಮೇಲೆ ನಿಲ್ಲುತ್ತಲೇ ಇರಲಿಲ್ಲವೇನೋ.

ರಿಪೋರ್ಟ್ ಓದಿ ಹೇಳಿದಾಗ ಅಜ್ಜಿ ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿ ನೋಡಿಕೊಂಡರು. “ಇದು ನೋಯ್ತಾನೇ ಇರಲಿಲ್ಲ ತಮಾ” ಅಂದರು. ಕಿವಿ-ಮೂಗಿನ ಡಾಕ್ಟರು ಅವತ್ತೇ ಹಲ್ಲಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಮೂಗುಬೊಟ್ಟು ತಿರುಗಿ ಹಾಕಿಸಿಕೊಳ್ಳಲು ಅಜ್ಜಿ ನನ್ನ ಮೇಜಿನ ಹತ್ತಿರವೇ ಬಂದು ಕೂತರು.